ಬಾಲ್ ಪೈಥಾನ್ ಸತ್ತ ಇಲಿ ಮುಟ್ಟುತ್ತಿಲ್ಲವೇ? ಯಾವ ಹಾವಿಗೆ ಯಾವ ದಾರಿ

ಕೆಂಚಿ ನಮ್ಮ ಮನೆಗೆ ಬಂದ ದಿನ ತೂಗಿದಾಗ 1,310 ಗ್ರಾಂ ಇದ್ದಳು. ಹನ್ನೊಂದು ವಾರ ಕಳೆದ ಮೇಲೆ 1,228. ನಡುವೆ ಒಂದೇ ಒಂದು ಇಲಿ ಮುಟ್ಟಿರಲಿಲ್ಲ. ಕೆಂಚಿ ಅಂದರೆ ನಮ್ಮ ಬಾಲ್ ಪೈಥಾನ್. ಪಶ್ಚಿಮ ಆಫ್ರಿಕದ ಚಿಕ್ಕ ಹೆಬ್ಬಾವು, ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದಲ್ಲ, ಅದೇ.

ನಾವಿರುವುದು ಶಿಕಾಗೊ ಹತ್ತಿರ. ಜೊತೆಗೆ ಕೆಲಸ ಮಾಡುತ್ತಿದ್ದವರೊಬ್ಬರು ಊರು ಬಿಡುವಾಗ ಇವಳನ್ನು ನಮಗೆ ಕೊಟ್ಟು ಹೋದರು. ನಾಲ್ಕು ವರ್ಷ ಅವರು ಬರೀ ಜೀವಂತ ಇಲಿಯನ್ನೇ ಹಾಕಿದ್ದರು. ಅದರ ಗುರುತು ಅವಳ ಮೈಮೇಲೆ ಈಗಲೂ ಇದೆ. ಕತ್ತಿನಿಂದ ನಾಲ್ಕು ಬೆರಳು ಕೆಳಗೆ, ಹುಣಸೆಬೀಜದಷ್ಟು ಜಾಗದಲ್ಲಿ, ಹುರುಪೆಗಳು ಸಾಲು ತಪ್ಪಿ ಅಡ್ಡಾದಿಡ್ಡಿ ಬೆಳೆದಿವೆ. ಇಲಿ ಕಚ್ಚಿದ ಜಾಗ ಅದು. ಪ್ರತಿ ಸಲ ಪೊರೆ ಬಿಡುವಾಗಲೂ ಅಲ್ಲೇ ಸ್ವಲ್ಪ ಪೊರೆ ಅಂಟಿಕೊಂಡು ಉಳಿಯುತ್ತದೆ.

ಸತ್ತ ಇಲಿಗೆ ಹಾವನ್ನು ಒಗ್ಗಿಸಲು ಒಂದು ಡಜನ್ ಉಪಾಯಗಳಿವೆ. ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಿದರೆ ಒಂದೂ ಫಲ ಕೊಡುವುದಿಲ್ಲ. ನಾನು ಮೊದಲ ಒಂದು ತಿಂಗಳು ಮಾಡಿದ್ದು ಅದನ್ನೇ. ಹಾವು ಯಾಕೆ ಬೇಡ ಅನ್ನುತ್ತಿದೆ ಅಂತ ಮೊದಲು ತಿಳಿದುಕೊಳ್ಳಬೇಕು, ಆಮೇಲೆ ಅದಕ್ಕೆ ತಕ್ಕ ಉಪಾಯ ಒಂದನ್ನೇ ಹಿಡಿದು ನೋಡಬೇಕು.

ಜೀವಂತ, ಆಗಷ್ಟೇ ಕೊಂದದ್ದು, ಫ್ರೋಜನ್

ಜೀವಂತ ಇಲಿ ಹಾಕಿದರೆ ಹೆಚ್ಚಿನ ಹಾವುಗಳು ತಿನ್ನುತ್ತವೆ, ಅದು ನಿಜ. ಅದು ಓಡಾಡುತ್ತದೆ, ಬೆಚ್ಚಗಿರುತ್ತದೆ, ವಾಸನೆ ಬರುತ್ತದೆ. ಆದರೆ ಹಾವಿಗೆ ಹಸಿವಿಲ್ಲದಿದ್ದರೆ ಗಾಜಿನ ಪೆಟ್ಟಿಗೆಯಲ್ಲಿ ಇಲಿಗೆ ಓಡಲು ಜಾಗವಿಲ್ಲ, ಹಾವಿಗೂ ಇಲ್ಲ. ಇಲಿ ಕಚ್ಚಿದರೆ ಕಣ್ಣು ಹೋಗಬಹುದು, ಬೆನ್ನಿನ ಮಾಂಸ ಮೂಳೆಯ ತನಕ ಕಿತ್ತು ಬರಬಹುದು, ಕೀವಾಗಬಹುದು. ಸುಮ್ಮನೆ ಚೆಂಡಿನ ಹಾಗೆ ಕೂರುವ ಬಾಲ್ ಪೈಥಾನ್ ಇಲಿ ಕಚ್ಚಿದರೂ ತಿರುಗಿ ಬೀಳದೆ ಹಾಗೇ ಇದ್ದುಬಿಡುತ್ತದೆ. ಇಲಿಯ ಕಡೆಯಿಂದ ಯೋಚಿಸಿದರೂ ಅದೊಂದು ಕೆಟ್ಟ ಸಾವು. ಬೇರೆ ದಾರಿ ಇರುವಾಗ ಜೀವಂತ ಇಲಿ ಬೇಡ ಅನ್ನೋದು ನನ್ನ ಖಚಿತ ಮಾತು. ಯಾವುದಾದರೂ ಕಾರಣಕ್ಕೆ ಹಾಕಲೇಬೇಕಾಗಿ ಬಂದರೆ ಒಂದು ನಿಮಿಷವೂ ಕಣ್ಣು ತೆಗೆಯಬೇಡಿ, ಹಾಕಿಟ್ಟು ಮಲಗಲಂತೂ ಹೋಗಲೇಬೇಡಿ.

ಆಗಷ್ಟೇ ಕೊಂದ ಇಲಿ ಈ ಎರಡರ ನಡುವಿನ ಮೆಟ್ಟಿಲು. ಮೈಯ ಬಿಸಿ ಇನ್ನೂ ಇರುತ್ತದೆ, ವಾಸನೆ ಹೊಸದಾಗಿರುತ್ತದೆ, ಕಚ್ಚುವ ಭಯ ಇರುವುದಿಲ್ಲ. ವರ್ಷಗಟ್ಟಲೆ ಜೀವಂತ ಇಲಿ ತಿಂದು ಬೆಳೆದ ಹಾವಿಗೆ ಇದು ತುಂಬಾ ಸಹಾಯ ಮಾಡುತ್ತದೆ. ತೊಂದರೆ ಏನೆಂದರೆ ಯಾರು ಕೊಲ್ಲುವುದು ಅನ್ನೋದು. ಇಲ್ಲಿ ಅರೆಬರೆ ಕೆಲಸ ಕೂಡದು. ಅಮೆರಿಕದ ಪಶುವೈದ್ಯರ ಸಂಘ ಎವಿಎಂಎಯ 2020ರ ಮಾರ್ಗಸೂಚಿಯಲ್ಲಿ ಇಂಗಾಲದ ಡೈ ಆಕ್ಸೈಡನ್ನು ಡಬ್ಬಿಯೊಳಗೆ ನಿಮಿಷಕ್ಕೆ ಡಬ್ಬಿಯ ಗಾತ್ರದ 30ರಿಂದ 70 ಶೇಕಡಾ ಲೆಕ್ಕದಲ್ಲಿ ನಿಧಾನವಾಗಿ ತುಂಬಬೇಕು ಅಂತಿದೆ. ಅದಕ್ಕೆ ಸಿಲಿಂಡರ್, ರೆಗ್ಯುಲೇಟರ್ ಬೇಕು. ಜೀವಂತ ಇಲಿಯನ್ನು ಫ್ರೀಜರಿಗೆ ಹಾಕುವುದು, ಗೋಡೆಗೆ ಬಡಿಯುವುದು ಇವೆಲ್ಲ ಹಿಂಸೆ, ಮಾಡಲೇಬಾರದು. ನಾನಂತೂ ಕೊಲ್ಲುವ ಕೆಲಸ ಮನೆಯಲ್ಲಿ ಮಾಡಲಿಲ್ಲ. ಇಲಿ ಸಾಕಿ ಮಾರುವ ಕೆಲವರು ಹೇಳಿದರೆ ಸರಿಯಾದ ರೀತಿಯಲ್ಲಿ ಕೊಂದು ಕೊಡುತ್ತಾರೆ. ಹಾಗೆ ತಂದದ್ದನ್ನು ಹೊಟ್ಟೆ ಹಸಿರಾಗುವ ಮೊದಲೇ, ಅಂದರೆ ಅದೇ ಸಂಜೆ ಕೊಟ್ಟುಬಿಡಬೇಕು.

ಫ್ರೋಜನ್ ಇಲಿ ದೀರ್ಘಕಾಲಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಒಂದೇ ಸಲ ಇಪ್ಪತ್ತು ತಂದಿಟ್ಟುಕೊಳ್ಳಬಹುದು, ಒಂದೇ ಅಳತೆಯವು ಸಿಗುತ್ತವೆ, ಬೆಲೆ ಕಡಿಮೆ. ಫ್ರೀಜರಿನ ಚಳಿಗೆ ಎಷ್ಟೋ ಪರಾವಲಂಬಿ ಹುಳುಗಳೂ ಸಾಯುತ್ತವೆ. ಆದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಇದನ್ನು ನೆನಪಿಡಿ. ಹಾವಿನ ಆಹಾರಕ್ಕೆಂದು ಮಾರಿದ ಫ್ರೋಜನ್ ಇಲಿಗಳಿಂದ ಜನರಿಗೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹರಡಿದ್ದನ್ನು 2014ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ವರದಿ ಮಾಡಿತ್ತು. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಮೊದಲ ದಿನವೇ ಹೇಳಿದ್ದಳು, "ಹಾವು ಇರಲಿ, ಆದರೆ ಇಡ್ಲಿ ಹಿಟ್ಟಿನ ಪಕ್ಕ ಇಲಿ ಬೇಡ." ಸರಿಯಾದ ಮಾತು. ಗ್ಯಾರೇಜಿನಲ್ಲಿ ಪುಟ್ಟ ಫ್ರೀಜರ್ ಇಟ್ಟೆವು. ಕರಗಿಸುವ ಪಾತ್ರೆ, ಇಕ್ಕಳ, ಬಟ್ಟೆ ಎಲ್ಲ ಬೇರೆ. ಸಣ್ಣ ಮಕ್ಕಳಿರುವ ಮನೆಯಲ್ಲಿ ಇದರಲ್ಲಿ ಸಡಿಲ ಬಿಡಬೇಡಿ, ಕೈಯನ್ನು ಸೋಪು ಹಾಕಿ ತೊಳೆಯಿರಿ.

ಕೊನೆಗೆ ಫ್ರೋಜನ್ ಇಲಿಗೇ ಬಂದು ನಿಲ್ಲಬೇಕು. ಆದರೆ ಹಟಮಾರಿ ಹಾವನ್ನು ಅಲ್ಲಿಗೆ ತರಲು ಒಂದೆರಡು ಊಟ ಆಗಷ್ಟೇ ಕೊಂದ ಇಲಿ ಕೊಡಬೇಕಾಗಿ ಬಂದರೆ ಅದರಲ್ಲಿ ತಪ್ಪೇನೂ ಇಲ್ಲ.

ಇಲಿಯನ್ನು ಬದಲಾಯಿಸುವ ಮೊದಲು ಪೆಟ್ಟಿಗೆ ನೋಡಿ

ನಾನು ಎಡವಿದ್ದು ಇಲ್ಲೇ. ಶಿಕಾಗೊ ಚಳಿಗಾಲದಲ್ಲಿ ಮನೆಯ ಹೀಟರ್ ಹಗಲೂ ರಾತ್ರಿ ಓಡುತ್ತದೆ, ಗಾಳಿ ಹಪ್ಪಳದ ಹಾಗೆ ಒಣಗುತ್ತದೆ. ಕೆಂಚಿಯ ಪೆಟ್ಟಿಗೆಯಲ್ಲಿ ತೇವಾಂಶ 34 ಶೇಕಡಾಕ್ಕೆ ಇಳಿದಿತ್ತು. ಅವಳಿಗೆ ಬೇಕಾದದ್ದು 55ರಿಂದ 70. ಮೇಲಿನ ಜಾಲರಿಯನ್ನು ಮುಕ್ಕಾಲು ಭಾಗ ಮುಚ್ಚಿ, ತೆಂಗಿನ ನಾರಿನ ಪುಡಿ ದಪ್ಪಗೆ ಹಾಸಿ ಒಂದು ಮೂಲೆಯಲ್ಲಿ ನೀರು ಸುರಿದ ಮೇಲೆ ಮೂರು ದಿನಕ್ಕೆ ಸರಿಹೋಯಿತು.

ಬಿಸಿ ಕಡೆ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ಕಡೆ 25ರಿಂದ 27 ಇರಬೇಕು. ಕೈಯಿಟ್ಟು ಅಂದಾಜು ಮಾಡಬೇಡಿ, ಥರ್ಮಾಮೀಟರ್ ಇಡಿ, ಹೀಟರಿಗೆ ಥರ್ಮೋಸ್ಟಾಟ್ ಕಟ್ಟಿ. ಮೈ ತಣ್ಣಗಿದ್ದರೆ ಹಾವಿಗೆ ಜೀರ್ಣವಾಗುವುದಿಲ್ಲ, ಅದು ಅದಕ್ಕೆ ಗೊತ್ತು, ಹಾಗಾಗಿ ತಿನ್ನುವುದಿಲ್ಲ. ಅಡಗಲು ಎರಡು ಗೂಡು ಬೇಕು, ಬಿಸಿ ಕಡೆ ಒಂದು, ತಂಪು ಕಡೆ ಒಂದು, ಎರಡೂ ಮೈಗೆ ತಾಗುವಷ್ಟು ಇಕ್ಕಟ್ಟು. ನಡುವಿನ ಬಯಲಿನಲ್ಲಿ ಪ್ಲಾಸ್ಟಿಕ್ ಎಲೆ, ಮರದ ತೊಗಟೆ ತುಂಬಿಡಿ. ಬಯಲಲ್ಲಿ ಕೂತ ಬಾಲ್ ಪೈಥಾನ್ ಹೆದರಿದ ಬಾಲ್ ಪೈಥಾನ್. ಹೆದರಿದ ಹಾವು ಊಟ ಮಾಡುವುದಿಲ್ಲ.

ಇನ್ನು ಕೆಲವು ಸಲ ತೊಂದರೆಯೇ ಇರುವುದಿಲ್ಲ. ಕಣ್ಣು ಹಾಲಿನ ಹಾಗೆ ಮಸುಕಾಗಿದ್ದರೆ ಪೊರೆ ಬಿಡುವ ಸಮಯ, ಇಲಿ ತೋರಿಸಲೇಬೇಡಿ. ಬೆಳೆದ ಗಂಡು ಹಾವುಗಳು ನವೆಂಬರಿನಿಂದ ಮಾರ್ಚ್‌ವರೆಗೆ ಊಟ ಬಿಡುವುದು ತೀರಾ ಮಾಮೂಲು, ಹೆಣ್ಣುಗಳೂ ಬಿಡುತ್ತವೆ. ಹೊಸ ಮನೆಗೆ ಬಂದ ಹಾವನ್ನು ಒಂದು ವಾರ ಮುಟ್ಟದೆ ಬಿಡಬೇಕು. ನಾವು ಬಂದವರಿಗೆಲ್ಲ ತೆಗೆದು ತೋರಿಸಿದ್ದೆವು, ಅದೂ ಒಂದು ತಪ್ಪು.

ಆ ಹನ್ನೊಂದು ವಾರದಲ್ಲಿ ಪ್ರತಿ ಭಾನುವಾರ ಅಮ್ಮ ಫೋನಿನಲ್ಲಿ ಕೇಳುತ್ತಿದ್ದರು: "ಇವತ್ತಾದ್ರೂ ತಿಂತೇನೋ? ಪಾಪ ಕಣೋ, ಒಂದು ಬಟ್ಟಲು ಹಾಲಾದ್ರೂ ಇಡು." ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆದು ಬೆಳೆದವರು ನಾವು, ಅಮ್ಮನ ಮಾತಿನಲ್ಲಿರುವ ಕಕ್ಕುಲಾತಿ ನನಗೆ ಅರ್ಥವಾಗುತ್ತದೆ. ಆದರೆ ಹಾವಿಗೆ ಹಾಲು ಆಹಾರವಲ್ಲ, ಅದಕ್ಕೆ ಹಾಲು ಅರಗುವುದಿಲ್ಲ. ಮೊಟ್ಟೆ, ಕೋಳಿಯ ಎದೆಮಾಂಸ ಇವೂ ಬೇಡ. ಇಡೀ ಇಲಿಯಲ್ಲಿ ಮೂಳೆಯ ಸುಣ್ಣ ಇದೆ, ಈಲಿ ಇದೆ, ಕರುಳಿದೆ. ಬರೀ ಮಾಂಸದಲ್ಲಿ ಅದ್ಯಾವುದೂ ಇಲ್ಲ. ಬೆಳೆದ, ಮೈಕಟ್ಟಿರುವ ಬಾಲ್ ಪೈಥಾನ್ ಕೆಲವು ತಿಂಗಳು ಏನೂ ತಿನ್ನದೆ ಇರಬಲ್ಲದು. ನಮ್ಮ ಸಂಕಟ ದೊಡ್ಡದು, ಅದರ ಹಸಿವು ಅಷ್ಟು ದೊಡ್ಡದಲ್ಲ. ನೋಡಬೇಕಾದದ್ದು ತೂಕ: ಹತ್ತರಲ್ಲಿ ಒಂದು ಪಾಲು ಇಳಿದರೆ ಡಾಕ್ಟರು, ಅಲ್ಲಿಯವರೆಗೆ ತಾಳ್ಮೆ.

ಬಿಸಿ ಮಾಡುವುದು ಹೇಗೆ

ಉಪಾಯಗಳಲ್ಲಿ ಮೊದಲ ಜಾಗ ಬಿಸಿಗೆ. ಬಾಲ್ ಪೈಥಾನಿನ ಮೇಲ್ದುಟಿಯ ಉದ್ದಕ್ಕೂ ಸಣ್ಣ ಸಣ್ಣ ಗುಳಿಗಳಿವೆ. ಕತ್ತಲೆಯಲ್ಲಿ ಬೆಚ್ಚಗಿನ ಮೈಯನ್ನು ಅವು ದೂರದಿಂದಲೇ ಗುರುತಿಸುತ್ತವೆ. ಕೋಣೆಯಷ್ಟೇ ಬಿಸಿ ಇರುವ ಇಲಿ ಅದರ ಪಾಲಿಗೆ ಒಂದು ಕಲ್ಲು, ಒಂದು ಕಟ್ಟಿಗೆ. ಎಷ್ಟೋ ಜನರ "ನಮ್ಮ ಹಾವು ಫ್ರೋಜನ್ ತಿನ್ನಲ್ಲ" ಅನ್ನುವ ದೂರು ನಿಜವಾಗಿ "ನಮ್ಮ ಹಾವು ತಣ್ಣಗಿನದು ತಿನ್ನಲ್ಲ" ಅಂತಷ್ಟೇ.

ಕರಗಿಸುವುದಕ್ಕೆ ಹಿಂದಿನ ರಾತ್ರಿಯೇ ಇಲಿಯನ್ನು ಕವರಿನ ಸಮೇತ ಫ್ರಿಜ್ಜಿನೊಳಗೆ ಕೆಳಗಿನ ಅರೆಯಲ್ಲಿ ಇಡಿ, ದೊಡ್ಡ ಇಲಿಯಾದರೆ ಇಡೀ ದಿನ ಬೇಕು. ಆಮೇಲೆ ಜಿಪ್‌ಲಾಕ್ ಕವರಿನಲ್ಲಿ ಹಾಕಿ, ಸ್ನಾನದ ನೀರಿನಷ್ಟು ಬಿಸಿ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ. ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ, ಒಳಗೆ ಗಟ್ಟಿ ಸಿಕ್ಕರೆ ಇನ್ನೂ ಮಂಜುಗಡ್ಡೆ ಇದೆ ಅಂತ. ಹಾಗೇ ಕೊಟ್ಟರೆ ಹಾವು ವಾಂತಿ ಮಾಡಬಹುದು, ಒಂದು ಸಲ ವಾಂತಿಯಾದರೆ ಮತ್ತೆ ಎರಡು ವಾರ ಏನೂ ಕೊಡುವ ಹಾಗಿಲ್ಲ. ಮೈಕ್ರೋವೇವ್ ಮಾತ್ರ ಬೇಡವೇ ಬೇಡ. ಅಲ್ಲಲ್ಲಿ ಬೇಯುತ್ತದೆ, ಹೊಟ್ಟೆ ಒಡೆಯುತ್ತದೆ.

ಬಿಸಿ ನೀರಿಗೂ ಹೇರ್ ಡ್ರೈಯರಿಗೂ ಹೋಲಿಸಿದರೆ, ನೀರು ಒಳಗಿನ ತನಕ ಬಿಸಿ ಕೊಡುತ್ತದೆ, ಆದರೆ ಪೆಟ್ಟಿಗೆಯವರೆಗೆ ಹೋಗುವಷ್ಟರಲ್ಲಿ ಮೇಲ್ಮೈ ಆರುತ್ತದೆ. ಹೇರ್ ಡ್ರೈಯರ್ ಮೇಲ್ಮೈ ಬಿಸಿ ಮಾಡುತ್ತದೆ, ಒಳಗಿನ ತಣ್ಣಗೆ ಹಾಗೇ ಇರುತ್ತದೆ. ಹಾಗಾಗಿ ಎರಡೂ ಬೇಕು, ಮೊದಲು ನೀರು, ಕೊನೆಯ ಒಂದು ನಿಮಿಷ ಡ್ರೈಯರ್, ಅದೂ ತಲೆಯ ಮೇಲೆ. ಇಡೀ ಮೈಗಿಂತ ತಲೆ ಬಿಸಿ ಇದ್ದರೆ ಹಾವು ತಲೆಯನ್ನೇ ಗುರಿಯಿಟ್ಟು ಹಿಡಿಯುತ್ತದೆ. ಅಡುಗೆಮನೆಯಲ್ಲಿ ಬಳಸುವ ಗನ್ ಥರ್ಮಾಮೀಟರ್ ಇದ್ದರೆ 38ರಿಂದ 40 ಡಿಗ್ರಿ ತೋರಿಸಲಿ. ಇನ್ನೊಂದು ವಿಷಯ, ಒದ್ದೆ ಇಲಿಯನ್ನು ಕೆಲವು ಹಾವುಗಳು ಹಿಡಿದು ಬಿಟ್ಟುಬಿಡುತ್ತವೆ. ಡ್ರೈಯರ್ ಕೂದಲನ್ನೂ ಒಣಗಿಸುತ್ತದೆ, ಒಂದೇ ಕೆಲಸದಲ್ಲಿ ಎರಡು ಲಾಭ.

ಇಕ್ಕಳದಲ್ಲಿ ಹಿಡಿಯುವುದೋ, ಇಟ್ಟು ಬಿಡುವುದೋ

ಜೀವಂತ ಇಲಿಗೆ ಒಗ್ಗಿದ ಹಾವಿಗೆ ಇಕ್ಕಳ, ನಾಚಿಕೆ ಸ್ವಭಾವದ ಹಾವಿಗೆ ಇಟ್ಟು ಬಿಡುವುದು. ಇದು ನನ್ನ ಅನುಭವದ ಲೆಕ್ಕ.

ಉದ್ದದ ಇಕ್ಕಳ ತೆಗೆದುಕೊಳ್ಳಿ, ಒಂದು ಅಡಿಯಾದರೂ ಇರಲಿ. ಇಲಿಯನ್ನು ಬಾಲ ಹಿಡಿದು ಮೇಲಿನಿಂದ ತೂಗಾಡಿಸುವವರೇ ಜಾಸ್ತಿ. ಮೇಲಿನಿಂದ ಬರುವುದೆಲ್ಲ ಹಾವಿಗೆ ಹದ್ದು. ಬೆನ್ನಿನ ನಡುವೆ ಹಿಡಿದು, ನೆಲದ ಮೇಲೆ ನಡೆಯುತ್ತಾ ಹೋಗುವ ಹಾಗೆ, ಗೂಡಿನ ಬಾಯಿಯ ಮುಂದೆ ಅಡ್ಡಕ್ಕೆ ಸರಿಸಿ. ನಿಲ್ಲಿಸಿ. ಮತ್ತೆ ಸ್ವಲ್ಪ ಸರಿಸಿ. ಇಲಿ ಓಡುವುದೂ ಹಾಗೇ ಅಲ್ವಾ, ನಾಲ್ಕು ಹೆಜ್ಜೆ ಓಡಿ ಮೂಸುತ್ತಾ ನಿಲ್ಲುತ್ತದೆ. ಹಾವಿನ ಮುಖಕ್ಕೆ ತಿವಿಯಬೇಡಿ. ಹತ್ತು ನಿಮಿಷಕ್ಕಿಂತ ಹೆಚ್ಚು ಆಡಿಸಬೇಡಿ. ತಲೆ ಹಿಂದಕ್ಕೆ ಎಳೆದುಕೊಂಡು ಮೈಯೊಳಗೆ ಮುಚ್ಚಿಟ್ಟರೆ ಅವತ್ತಿಗೆ ಮುಗಿಯಿತು ಅಂತ ತಿಳಿಯಿರಿ.

ಇಟ್ಟು ಬಿಡುವುದಾದರೆ ಬೆಚ್ಚಗಿನ ಇಲಿಯನ್ನು ಗೂಡಿನ ಬಾಯಿಯ ಹತ್ತಿರ, ಚಪ್ಪಟೆ ಮುಚ್ಚಳದ ಮೇಲೆ, ಮೂತಿ ಗೂಡಿನ ಕಡೆ ಮಾಡಿ ಇಡಿ. ಲೈಟು ಆರಿಸಿ. ಹೋಗಿ ಮಲಗಿ. ನಡುವೆ ಎದ್ದು ಟಾರ್ಚ್ ಹಾಕಿ ನೋಡುವ ಆಸೆ ಬರುತ್ತದೆ, ತಡೆದುಕೊಳ್ಳಿ. ಬೆಳಿಗ್ಗೆಗೂ ಹಾಗೇ ಇದ್ದರೆ ಎಸೆದುಬಿಡಿ, ಮತ್ತೆ ಫ್ರೀಜರಿಗೆ ಹಾಕಬೇಡಿ. ಒಂದು ಇಲಿ ದಂಡವಾಯಿತು ಅನ್ನುವ ಬೇಸರಕ್ಕೆ ಹಾವಿನ ಆರೋಗ್ಯ ಪಣಕ್ಕಿಡಬೇಡಿ.

ಕೆಲವರು ಊಟಕ್ಕೆಂದೇ ಬೇರೆ ಡಬ್ಬಿಗೆ ಹಾವನ್ನು ತೆಗೆದು ಹಾಕುತ್ತಾರೆ, ಪೆಟ್ಟಿಗೆಯಲ್ಲೇ ಕೊಟ್ಟರೆ ಕೈ ಕಂಡಾಗಲೆಲ್ಲ ಕಚ್ಚುತ್ತದೆ ಅನ್ನುವ ನಂಬಿಕೆಯಿಂದ. ಬಾಲ್ ಪೈಥಾನಿಗೆ ಇದು ಸರಿಹೋಗುವುದಿಲ್ಲ. ಎತ್ತಿ ಸಾಗಿಸಿದ ಗಾಬರಿಗೇ ಹಸಿವು ಹೋಗುತ್ತದೆ, ತಿಂದ ಮೇಲೆ ಮತ್ತೆ ಎತ್ತಿದರೆ ಕಕ್ಕುತ್ತದೆ. ಆದರೆ ಮೊಟ್ಟೆಯಿಂದ ಬಂದ ಮರಿಗಳ ವಿಷಯ ಬೇರೆ. 60 ಗ್ರಾಮಿನ ಮರಿಯನ್ನು ತೂತು ಮಾಡಿದ ಅಂಗೈಯಗಲದ ಡಬ್ಬಿಯಲ್ಲಿ ಬೆಚ್ಚಗಿನ ಚಿಕ್ಕ ಇಲಿಯ ಜೊತೆ ರಾತ್ರಿ ಬಿಟ್ಟು, ಆ ಡಬ್ಬಿಯನ್ನೇ ಅದರ ಪೆಟ್ಟಿಗೆಯೊಳಗೆ ಇಟ್ಟರೆ ಎಷ್ಟೋ ಮರಿಗಳು ತಿನ್ನುತ್ತವೆ. ಇಕ್ಕಟ್ಟು ಅವಕ್ಕೆ ಧೈರ್ಯ ಕೊಡುತ್ತದೆ.

ವಾಸನೆಯ ಉಪಾಯಗಳು

ಬಿಸಿ ಸರಿಯಿದ್ದು, ಹಾವು ಬಂದು ನಾಲಿಗೆ ಚಾಚಿ ಮೂಸಿ, ಆಮೇಲೆ ತಿರುಗಿ ಹೋಗುತ್ತಿದ್ದರೆ ಅದಕ್ಕೆ ವಾಸನೆ ಹಿಡಿಸುತ್ತಿಲ್ಲ ಅಂತ. ನಾಲಿಗೆಯನ್ನೇ ಚಾಚದಿದ್ದರೆ ವಾಸನೆ ಬದಲಾಯಿಸಿ ಉಪಯೋಗವಿಲ್ಲ, ಮತ್ತೆ ಪೆಟ್ಟಿಗೆ, ಬಿಸಿ, ಗಾಬರಿ ಕಡೆಗೇ ಹೋಗಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬಳಸಿದ ಹಾಸಿನ ಉಪಾಯ. ಜೀವಂತ ಇಲಿಗಳು ಇರುವ ಡಬ್ಬಿಯಲ್ಲಿ ಹಾಸಿದ ಮರದ ಹೊಟ್ಟು ಒಂದು ಹಿಡಿ ಕೇಳಿ ತನ್ನಿ, ಇಲಿ ಸಾಕುವವರು ಕೊಡುತ್ತಾರೆ. ಕರಗಿದ ಇಲಿಯನ್ನು ಸುವಾಸನೆ ಇಲ್ಲದ ಸೋಪಿನಲ್ಲಿ ತೊಳೆದು, ಚೆನ್ನಾಗಿ ನೀರಿನಲ್ಲಿ ಜಾಲಿಸಿ ಒಣಗಿಸಿದರೆ ಫ್ರೀಜರಿನ ಹಳಸಲು ವಾಸನೆ ಹೋಗುತ್ತದೆ. ಆಮೇಲೆ ಆ ಹೊಟ್ಟಿನಲ್ಲಿ ಹೊರಳಾಡಿಸಿ ಮೈಗೆ ಅಂಟಿದ್ದನ್ನು ಕೊಡವಿ ಕೊಡಿ. ಜೀವಂತ ಇಲಿಗೆ ಒಗ್ಗಿದ ಹಾವಿಗೆ ಇದು ಗುರುತಿನ ವಾಸನೆ. ಖರ್ಚೂ ಇಲ್ಲ.

ಜರ್ಬಿಲ್ (ಇಲಿಯಂಥದೇ ಪುಟ್ಟ ಪ್ರಾಣಿ) ಅಥವಾ ಆಫ್ರಿಕನ್ ಸಾಫ್ಟ್ ಫರ್ ಇಲಿಯ ಡಬ್ಬಿಯ ಹೊಟ್ಟು ಸಿಕ್ಕರೆ ಇನ್ನೂ ಜೋರು. ಸಾಫ್ಟ್ ಫರ್ ಇಲಿ ಇವುಗಳ ತವರಿನ ಕಡೆಯದೇ. ಆದರೆ ಎಲ್ಲ ಕಡೆ ಸಿಗುವುದಿಲ್ಲ, ಕ್ಯಾಲಿಫೋರ್ನಿಯಾದಲ್ಲಿ ಜರ್ಬಿಲ್ ಸಾಕುವುದೇ ಕಾನೂನಿಗೆ ವಿರುದ್ಧ. ಬೇರೆ ಪ್ರಾಣಿಯನ್ನೇ ತಿನ್ನಿಸಿದರೆ ಇನ್ನೊಂದು ತೊಡಕೂ ಇದೆ. ಅದರ ರುಚಿ ಹತ್ತಿದ ಹಾವು ಮಾಮೂಲು ಇಲಿಯನ್ನು ಬೇಡ ಅನ್ನಬಹುದು. ಹಾಗಾಗಿ ವಾಸನೆ ಮಾತ್ರ ಸಾಲ ತನ್ನಿ, ಪ್ರಾಣಿಯನ್ನಲ್ಲ.

ಕೋಳಿಮರಿ ಇನ್ನೊಂದು. ಕಾಡಿನಲ್ಲಿ ಬಾಲ್ ಪೈಥಾನ್‌ಗಳು, ಅದರಲ್ಲೂ ಚಿಕ್ಕವು ಮತ್ತು ಗಂಡುಗಳು, ಹಕ್ಕಿಗಳನ್ನೂ ತಿನ್ನುತ್ತವೆ. ಫ್ರೋಜನ್ ಕೋಳಿಮರಿಯನ್ನು ಕರಗಿಸಿ ಇಲಿಯ ಮೈಗೆ ಉಜ್ಜಿದರೆ ಕೆಲವು ಹಾವುಗಳು ತಟ್ಟನೆ ಎದ್ದು ಬರುತ್ತವೆ. ಉಪ್ಪು, ಈರುಳ್ಳಿ ಇಲ್ಲದ ಕೋಳಿ ಸಾರಿನಲ್ಲಿ ಅದ್ದುವುದೂ ಇದೆ, ಅಷ್ಟು ಶಕ್ತಿ ಅದಕ್ಕಿಲ್ಲ.

ಮತ್ತೊಂದಿದೆ, ಇಲಿಯ ತಲೆಬುರುಡೆಗೆ ಸೂಜಿಯಲ್ಲಿ ಚುಚ್ಚಿ ಒಳಗಿನ ರಸ ಮೂಗಿನ ಮೇಲೆ ಬರುವ ಹಾಗೆ ಮಾಡುವುದು. ಕೇಳಲು ಕಷ್ಟ, ಮಾಡಲು ಇನ್ನೂ ಕಷ್ಟ. ಆದರೆ ಪರಿಣಾಮ ಇದೆ, ಹಾಸಿನ ಉಪಾಯ ಎರಡು ಮೂರು ಸಲ ಸೋತ ಮೇಲೆ ಮಾಡಿ ನೋಡುವುದರಲ್ಲಿ ಅರ್ಥವಿದೆ. ಗ್ಲೌಸ್ ಹಾಕಿಕೊಳ್ಳಿ.

ಇಲಿಯ ಅಳತೆಯನ್ನೂ ನೋಡಿ. ಹಾವಿನ ಮೈಯ ದಪ್ಪ ಜಾಗದಷ್ಟೇ ದಪ್ಪದ ಇಲಿ ಸಾಕು. ಹಟ ಹಿಡಿದ ಹಾವಿಗೆ ಅದಕ್ಕಿಂತಲೂ ಒಂದು ಅಳತೆ ಚಿಕ್ಕದು ಕೊಡಿ. ಬಿಳಿ ಇಲಿ ಬೇಡ ಅಂದ ಹಾವು ಕಂದು ಇಲಿ ತಿಂದದ್ದೂ ಇದೆ, ಸಿಕ್ಕರೆ ನೋಡಬಹುದು, ಹುಡುಕಿಕೊಂಡು ಅಲೆಯುವಷ್ಟಿಲ್ಲ.

ಕೆಂಚಿ ತಿಂದ ರಾತ್ರಿ

ಫೆಬ್ರವರಿಯ ಎರಡನೇ ವಾರ. ತೇವಾಂಶ 62ಕ್ಕೆ ಬಂದು ಹತ್ತು ದಿನವಾಗಿತ್ತು. ಅಷ್ಟೂ ದಿನ ನೀರು ಬದಲಾಯಿಸುವುದು ಬಿಟ್ಟು ಬೇರೆ ಯಾವುದಕ್ಕೂ ಪೆಟ್ಟಿಗೆ ತೆರೆದಿರಲಿಲ್ಲ. ರಾತ್ರಿ ಒಂಬತ್ತೂವರೆ. ಹಾಸಿನ ಹೊಟ್ಟಿನಲ್ಲಿ ಹೊರಳಿಸಿದ, 75 ಗ್ರಾಮಿನ ಇಲಿ. ಕವರು ತೆರೆದು ಅರ್ಧ ಗಂಟೆ ಪೆಟ್ಟಿಗೆಯ ಪಕ್ಕ ಇಟ್ಟಿದ್ದೆ, ವಾಸನೆ ಹರಡಲಿ ಅಂತ. ಕೋಣೆಯ ದೀಪ ಆರಿಸಿ ನಡುಮನೆಯ ಬೆಳಕು ಮಾತ್ರ ಬಿಟ್ಟೆ.

ಗೂಡಿನ ಬಾಯಿಯಲ್ಲಿ ಮೂತಿ ಕಂಡಿತು. ನಾಲಿಗೆ ನಿಧಾನ ನಿಧಾನ ಬರುತ್ತಿದ್ದದ್ದು ಬೇಗ ಬೇಗ ಬರತೊಡಗಿತು. ಕತ್ತು ಹಿಂದಕ್ಕೆ ಮಡಚಿಕೊಂಡಿತು, ತಲೆ ನೆಲಕ್ಕೆ ತಾಗಿದ ಹಾಗೇ ಇತ್ತು. ಇಲಿಯನ್ನು ಒಂದು ಗೇಣು ದೂರದಲ್ಲಿ ಅಡ್ಡ ಸರಿಸಿ ನಿಲ್ಲಿಸಿದೆ. ಕೈ ನೋಯತೊಡಗಿತ್ತು, ಆದರೂ ಅಲುಗಾಡಿಸಲಿಲ್ಲ. ಆಮೇಲೆ ಏನಾಯಿತು ಅಂತ ಕಣ್ಣಿಗೆ ಕಾಣಲಿಲ್ಲ, ಇಕ್ಕಳಕ್ಕೆ ಬಡಿದದ್ದು ಮಾತ್ರ ಗೊತ್ತಾಯಿತು. ನೋಡಿದರೆ ಎರಡು ಸುತ್ತು ಸುತ್ತಿಕೊಂಡಾಗಿತ್ತು.

ಇಲ್ಲಿ ಒಂದು ವಿಷಯ. ಹಿಡಿದ ಕೂಡಲೇ ಇಕ್ಕಳ ಬಿಟ್ಟು ಹಿಂದೆ ಸರಿದುಬಿಟ್ಟರೆ, ಇಲಿ ಒದ್ದಾಡದ್ದನ್ನು ನೋಡಿ ಕೆಲವು ಹಾವುಗಳು ಬಿಟ್ಟುಬಿಡುತ್ತವೆ. ಇಲಿಯ ಬಾಲವನ್ನು ಇಕ್ಕಳದಲ್ಲಿ ಒಂದೆರಡು ಸಲ ಮೆಲ್ಲಗೆ ಜಗ್ಗಿದೆ. ಸುತ್ತು ಇನ್ನಷ್ಟು ಬಿಗಿಯಾಯಿತು. ಆಮೇಲೆ ನಾನು ಉಸಿರು ಬಿಗಿಹಿಡಿದು ಕೂತೆ. ಹನ್ನೆರಡು ನಿಮಿಷ ಅವಳು ಅಲುಗಲಿಲ್ಲ. ಮತ್ತೆ ಸುತ್ತು ಸಡಿಲಿಸಿ, ಮೂತಿಯಿಂದ ಇಲಿಯ ಮೈಯುದ್ದಕ್ಕೂ ತಡವಿ, ತಲೆ ಎಲ್ಲಿದೆ ಅಂತ ಹುಡುಕಿ, ಬಾಯಿ ತೆರೆದಳು. ಬಾಲದ ತುದಿ ಒಳಗೆ ಹೋಗುವಾಗ ಹತ್ತೂಕಾಲು. ಅಮ್ಮನಿಗೆ ಆಗಲೇ ಫೋನ್ ಮಾಡಿದೆ, ಅಲ್ಲಿ ಬೆಳಗಿನ ಪೂಜೆಯ ಹೊತ್ತು. ಎರಡು ದಿನ ಅವಳನ್ನು ಯಾರೂ ಮುಟ್ಟಲಿಲ್ಲ.

ಎಲ್ಲ ಸೋತರೆ

ಪ್ರತಿ ಪ್ರಯತ್ನದ ನಡುವೆ ಮರಿಗಳಿಗೆ ಒಂದು ವಾರ, ಬೆಳೆದ ಹಾವಿಗೆ ಎರಡು ವಾರ ಬಿಡುವು ಕೊಡಿ. ದಿನಾ ತೋರಿಸಿದರೆ ಇಲಿ ಕಂಡರೇ ಗಾಬರಿಯಾಗುವ ಹಾವನ್ನು ನೀವೇ ತಯಾರು ಮಾಡಿದ ಹಾಗಾಗುತ್ತದೆ.

ಬಾಯಿ ತೆರೆದು ಉಸಿರಾಡುವುದು, ಸೀಟಿಯಂಥ ಸದ್ದು, ಮೂಗಿನಲ್ಲಿ ಗುಳ್ಳೆ, ವಸಡು ಕೆಂಪಾಗಿರುವುದು, ನೀರಿನ ಬಟ್ಟಲಿನಲ್ಲಿ ಕಪ್ಪು ಚುಕ್ಕೆಗಳಂತೆ ತೇಲುವ ಉಣ್ಣಿಯಂಥ ಸಣ್ಣ ಹುಳುಗಳು, ಬೆನ್ನೆಲುಬು ಎದ್ದು ಕಾಣುವುದು, ಇವುಗಳಲ್ಲಿ ಒಂದಿದ್ದರೂ ಉಪಾಯ ಗಿಪಾಯ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ನಾಯಿ ಬೆಕ್ಕು ನೋಡುವ ಎಲ್ಲರಿಗೂ ಹಾವು ಗೊತ್ತಿರುವುದಿಲ್ಲ. ಸರೀಸೃಪಗಳನ್ನು ನೋಡುವ ಪಶುವೈದ್ಯರಿಗೆ ಎಆರ್‌ಎವಿ ಅನ್ನುವ ಸಂಘವಿದೆ, ಅವರ ಪಟ್ಟಿಯಲ್ಲಿ ಹತ್ತಿರದವರನ್ನು ಹುಡುಕಬಹುದು. ಮರಿಗಳ ಮೈಯಲ್ಲಿ ಕೂಡಿಟ್ಟ ಕೊಬ್ಬು ಇರುವುದಿಲ್ಲ, ನಾಲ್ಕೈದು ವಾರ ತಿನ್ನದಿದ್ದರೆ ಅಷ್ಟಕ್ಕೇ ತೋರಿಸಿ.

ಇಲಿಯ ಮೂತಿಯನ್ನು ಹಾವಿನ ಬಾಯೊಳಗೆ ಇಟ್ಟು ಕೊಡುವುದು, ಗಂಟಲಿಗೆ ತಳ್ಳುವುದು, ಇವನ್ನು ನೋಡಿ ಕಲಿತು ಮನೆಯಲ್ಲಿ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಬಾಯಿ ಹರಿಯುತ್ತದೆ, ಹಲ್ಲು ಮುರಿಯುತ್ತದೆ, ಮುಂದಿನ ಆರು ತಿಂಗಳ ನಂಬಿಕೆ ಹೋಗುತ್ತದೆ. ಬೇಕಾದರೆ ಡಾಕ್ಟರೇ ಮಾಡಲಿ, ನೀವು ಪಕ್ಕದಲ್ಲಿ ನಿಂತು ಕಲಿಯಿರಿ.

ಬೇರೆ ಹಾವುಗಳಿದ್ದರೆ ಲೆಕ್ಕ ಬೇರೆ. ಕಿಂಗ್ ಸ್ನೇಕ್‌ಗೆ ಸಾಮಾನ್ಯವಾಗಿ ಈ ಯಾವ ತಾಪತ್ರಯವೂ ಬೇಕಾಗುವುದಿಲ್ಲ. ಹಾಗ್‌ನೋಸ್ ಕಾಡಿನಲ್ಲಿ ಕಪ್ಪೆ ತಿನ್ನುವ ಹಾವು, ಅದಕ್ಕೆ ಕಪ್ಪೆಯ ಅಥವಾ ಮೀನಿನ ವಾಸನೆ ನಾಟುತ್ತದೆ. ಕಾರ್ನ್ ಸ್ನೇಕ್ ಮರಿಗೆ ಹಲ್ಲಿಯ ವಾಸನೆ.

ಊರಿನಿಂದ ಕೇಳುವವರಿಗೆ ಒಂದು ಮಾತು. ನಮ್ಮ ನಾಡಿನ ಹಾವು ಯಾವುದನ್ನೂ, ಕೇರೆಯಾಗಲಿ ಹೆಬ್ಬಾವಾಗಲಿ, ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಬಾಲ್ ಪೈಥಾನಿನಂಥ ಹೊರನಾಡಿನ ಜಾತಿ ಇದ್ದರೆ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಮಾಡಿಸಬೇಕು. ಕದ್ದು ತಂದದ್ದನ್ನು ಮಾತ್ರ ಕೊಳ್ಳಬೇಡಿ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್‌ಗಳು ಸಿಕ್ಕಿದ್ದವು. ಹಾಗೆ ಸಾಮಾನಿನಲ್ಲಿ ತುಂಬಿಕೊಂಡು ಬಂದ ಹಾವು ಊಟ ಬಿಟ್ಟರೆ ಅದಕ್ಕೆ ಯಾವ ಇಕ್ಕಳ, ಯಾವ ಹೊಟ್ಟು ಏನು ಮಾಡೀತು?

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನ, ಹೊತ್ತು, ಇಲಿಯ ತೂಕ, ಹೇಗೆ ಕೊಟ್ಟಿರಿ, ಹಾವು ಏನು ಮಾಡಿತು, ಹದಿನೈದು ದಿನಕ್ಕೊಮ್ಮೆ ಹಾವಿನ ತೂಕ. ಡಾಕ್ಟರು ಮೊದಲು ಕೇಳುವುದೇ ಅದನ್ನು. ನಮ್ಮ ನೋಟ್‌ಬುಕ್ಕಿನಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ಸಾಲಾಗಿ "ಬೇಡ" ಅಂತಿದೆ. ಕಳೆದ ಶನಿವಾರದ ಸಾಲು: ರಾತ್ರಿ 9:50, ಫ್ರೋಜನ್ ಇಲಿ, 80 ಗ್ರಾಂ, ಹೊಟ್ಟು ಹಾಕಿಲ್ಲ, ಇಕ್ಕಳದಿಂದ, ಎರಡನೇ ಸಲಕ್ಕೇ ಹಿಡಿದಳು. ಕೆಂಚಿ 1,296 ಗ್ರಾಂ.